ದಿನಕ್ಕೆ ಎರಡು ಗಳಿಗೆ

ಮೇಲ್ಮನೆಯ ನಾಳೆಯನ್ನು
ಇವತ್ತಿನ ಸಂಜೆಯೇ ಕಟ್ಟಿಡುವುದು ನನ್ನ ಕೆಲಸವಾಗಿತ್ತು.
ಮೊದಲು ಪ್ರಶ್ನೋತ್ತರ, ಆಮೇಲೆ ಶೂನ್ಯವೇಳೆ,
ಮಂಡಿಸಬೇಕಾದ ಕಾಗದಪತ್ರ, ಸರ್ಕಾರದ ಮಸೂದೆ,
ಎಲ್ಲಕ್ಕೂ ಕೆಳಗೆ, ಹಾಳೆಯ ಅಂಚು ತಾಗುವಲ್ಲಿ,
ಖಾಸಗಿ ಸದಸ್ಯರದು ಒಂದು.
ಮೂವತ್ತೊಂದು ವರ್ಷ.
ನಾನು ಬರೆದ ದಿನ ಬರೆದ ಹಾಗೆ ನಡೆದದ್ದು
ಕೈಬೆರಳಲ್ಲಿ ಎಣಿಸುವಷ್ಟು.

ಈಗ ಕೋಡಿಬಾಗದಲ್ಲಿದ್ದೇನೆ.
ಕಾಳಿ ಕಡಲು ಸೇರುವಲ್ಲಿ
ನೀರು ಇಳಿದಾಗ ಒಂದು ದಿಬ್ಬ ಏಳುತ್ತದೆ,
ಅದರ ಬೆನ್ನ ಮೇಲೆ ಹೆಂಗಸರು,
ಸೊಂಟಕ್ಕೆ ಸೀರೆ ಬಿಗಿದು, ಬಗ್ಗಿ,
ಮರಳೊಳಗೆ ಬೆರಳಾಡಿಸಿ ಬಳಚು ಹೆಕ್ಕುವವರು.

ಶೇವಂತಿ ಹರಿಕಂತ್ರ ನನ್ನ ಕನ್ನಡಕ ನೋಡಿ
ಮಾಸ್ತರ ಅನ್ನುತ್ತಾಳೆ. ನಾನು ತಿದ್ದಿಲ್ಲ.
"ಮಾಸ್ತರ್ರೆ, ನಮ್ಮದೊಂದು ಕಾಯ್ದೆ ಬರೂದಿತ್ತಲ್ರಾ,
ಅದು ಎಂತಾಯ್ತು?"

ಎಂತಾಯ್ತೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು.
ಒಂದೇ ಸಾಲಿನ ತಿದ್ದುಪಡಿ ಅದು:
'ಮೀನುಗಾರ' ಎಂಬುದರ ವ್ಯಾಖ್ಯೆಯಲ್ಲಿ
'ದೋಣಿಯಲ್ಲಿ' ಎಂಬ ಪದದ ತರುವಾಯ
'ಅಥವಾ ಕಾಲ್ನಡಿಗೆಯಲ್ಲಿ' ಎಂದು ಸೇರಿಸತಕ್ಕದ್ದು.
ಎರಡು ಪದ.
ಹನ್ನೊಂದು ಸಲ ಅದಕ್ಕೆ ಕ್ರಮಸಂಖ್ಯೆ ಕೊಟ್ಟವನು ನಾನು.

ಒಮ್ಮೆ ಸಂತಾಪ ಸೂಚನೆ; ಎದ್ದು ನಿಂತರು, ಮೌನವಾದರು,
ಮನೆಗೆ ಹೋದರು.
ಒಮ್ಮೆ ಬಾವಿಗಿಳಿದು ಧರಣಿ, ಸಭಾಪತಿಯ ಪೀಠದೆದುರು
ಹನಿ ನೀರಿಲ್ಲದ ಆ ಬಾವಿಗೆ.
ಒಮ್ಮೆ ಬೆಳಗಾವಿಯ ಚಳಿಯಲ್ಲಿ
ಸರದಿ ಬಂದೇ ಬಂತು, ಸದಸ್ಯರು ಎದ್ದರು, ಕೆಮ್ಮಿದರು,
ಯಾರೋ ತಲೆ ಎಣಿಸಿದರು: ಒಂಬತ್ತು.
ಕೋರಂ ಗಂಟೆ ಬಡಿದುಕೊಂಡಿತು, ಬಡಿದುಕೊಂಡಿತು.
ಹತ್ತನೆಯವರು ಮೊಗಸಾಲೆಯಲ್ಲಿ
ಕುಂದಾ ತಿನ್ನುತ್ತಿದ್ದರು, ಚಮಚ ಹಿಡಿದು,
ನಿಧಾನವಾಗಿ.

ಒಮ್ಮೆ (ಇದನ್ನು ಯಾರಿಗೂ ಹೇಳಿದವನಲ್ಲ)
ಸಂಜೆ ಆರೂವರೆಗೆ ಫೋನು ಬಂತು:
ಆ ನಾಲ್ಕನ್ನು ಒಂಬತ್ತು ಮಾಡಿ.
ಮಾಡಿದೆ.
ಅಡಿಪಟ್ಟಿ ಇಟ್ಟು ಕೆಳಗೊಂದು ಗೆರೆಯನ್ನೂ ಎಳೆದೆ.
ಗೆರೆ ನೇರವಾಗಿ ಬಂತು.

ಅವಳ ಪಟ್ಟಿಗೆ ಅಚ್ಚಿಲ್ಲ, ಸಹಿಯಿಲ್ಲ.
ಅಮಾವಾಸ್ಯೆಗೆ ನಸುಕಿನಲ್ಲೇ ಇಳಿತ,
ಪಾಡ್ಯಕ್ಕೆ ಎರಡು ಗಳಿಗೆ ತಡ,
ಬಿದಿಗೆಗೆ ಮತ್ತೆ ಎರಡು.
ಲೆಕ್ಕ ಹಾಕಿದರೆ ಅದೂ ಮುಂದೂಡಿಕೆಯೇ, ದಿನ ಬಿಡದೆ.
ಆದರೆ ಎರಡೇ ಗಳಿಗೆ.
ಯಾರೂ ಫೋನು ಮಾಡಿ
ನಾಲ್ಕು ಮಾಡಿಸಿಲ್ಲ ಇದುವರೆಗೆ.

"ಸದಸ್ಯರ ಅವಧಿ ಮುಗೀತು," ಎಂದೆ,
"ಮಸೂದೆ ಬಿದ್ದುಹೋಯ್ತು."
"ಯಾರು ಬೀಳಿಸಿದ್ದು?"
"ಯಾರೂ ಅಲ್ಲ. ತಾನಾಗಿ."
ಬೆರಳು ಮರಳಲ್ಲೇ ಇತ್ತು, ತಲೆ ಎತ್ತಲಿಲ್ಲ ಶೇವಂತಿ.
"ತಾನಾಗಿ ಬೀಳೂಕೆ
ಅದೆಂತ ತೆಂಗಿನ ಮಡಲಾ?"

ನೂರು ಎಣಿಸಿದಾಗೆಲ್ಲ ಒಂದು ಚಿಪ್ಪು
ಬದಿಗಿಡುತ್ತಾಳೆ, ಲೆಕ್ಕಕ್ಕೆ.
ಒಂದರ ಕೆಳಗೊಂದು, ಮರಳ ಮೇಲೆ.
ಹಳೆ ಚಾಳಿ, ನಾನೂ ಓದಿಕೊಂಡೆ:
ಒಂದು, ಎರಡು, ಮೂರು.
ನಾಲ್ಕನೆಯದರ ಹತ್ತಿರ ಕಣ್ಣು ನಿಂತಿತು.
ಈಗ ಹೇಳಿಬಿಡಲೇ, ಶೇವಂತಿ, ಆ ಸಂಜೆ,
ಎಂದು ಬಾಯಿ ತೆರೆಯುವುದಕ್ಕೂ
ಅವಳು ಬುಟ್ಟಿ ಎತ್ತಿ ಸೊಂಟಕ್ಕಿಡುವುದಕ್ಕೂ ಸರಿಹೋಯಿತು.

"ಏಳಿ ಮಾಸ್ತರ್ರೆ, ನೀರು ಬಂತು."

ಗಡಿಯಾರ ನೋಡಿದೆ. ಇನ್ನೂ ಹೊತ್ತಿದೆ, ಎಂದೆ.
ಅವಳಾಗಲೇ ಹತ್ತು ಹೆಜ್ಜೆ ಮುಂದೆ,
ಮೊಣಕಾಲು ನೀರಲ್ಲಿ, ಕಾಲ್ನಡಿಗೆಯಲ್ಲಿ.
ಬಿಚ್ಚಿಟ್ಟಿದ್ದ ನನ್ನ ಚಪ್ಪಲಿಗಳಲ್ಲಿ ಒಂದು
ತೇಲಿ ಹೊರಟಿತ್ತು
ಸದಾಶಿವಗಡದ ಕಡೆಗೆ.